ಊರು ಹುಡುಕುವ ಮಾವ್ಶಿ

ಮಾವ್ಶಿ ತೀರಿಕೊಂಡ ಸುದ್ದಿ ನನಗೆ ಬಂದದ್ದು ಬಾಂಗ್ಲಾದೇಶದಿಂದ. ಅವರ ಮನೆ ಅಂಧೇರಿಯಲ್ಲಿ, ನನ್ನ ಆಫೀಸು ಗ್ರಾಂಟ್ ರೋಡಿನಲ್ಲಿ. ನಡುವೆ ಲೋಕಲ್ ಟ್ರೇನಿನ ಅರ್ಧ ಮುಕ್ಕಾಲು ಗಂಟೆಯ ದಾರಿ. ಆದರೂ ಗಡಿಯಾಚೆಯಿಂದ ಒಬ್ಬ ವಕೀಲೆ ಫೋನ್ ಮಾಡಿ, ಹಿಂದಿಯಲ್ಲಿ ಅಳುತ್ತ, "ನಿನಗಿನ್ನೂ ಗೊತ್ತಿಲ್ಲವಾ? ಹನ್ನೊಂದು ಗಂಟೆಗೆ ಒಯ್ಯುತ್ತಾರಂತೆ. ಬೇಗ ಹೊರಡು. ಫಾಸ್ಟ್ ಗಾಡಿ ಹತ್ತು, ಸ್ಲೋ ಹತ್ತಬೇಡ" ಎಂದರು. ಮಾವ್ಶಿಯ ಮಗ ಅಮ್ಮನ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಕಂಡ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ್ದನಂತೆ. ಆ ಗುಂಪಿನ ಹೆಸರು ‘ಮದುವೆ ಮನೆ’. ಅದರಲ್ಲಿ ಇದ್ದವರು ಢಾಕಾ, ಕಠ್ಮಂಡು, ಬ್ಯಾಂಕಾಕ್ ಮುಂತಾದ ಕಡೆಯ ಅಧಿಕಾರಿಗಳು, ವಕೀಲರು, ಆಶ್ರಯ ಮನೆಗಳನ್ನು ನಡೆಸುವವರು. ನಾನು ಇರಲಿಲ್ಲ. ಒಮ್ಮೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದ ತಪ್ಪಿಗೆ ಮಾವ್ಶಿ ನನ್ನನ್ನು ಅದರಿಂದ ತೆಗೆದುಹಾಕಿದ್ದರು.

ನಮ್ಮದು ಸಣ್ಣ ಸಂಸ್ಥೆ. ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆ, ಕೆಳಗೆ ಉಡುಪಿ ಹೋಟೆಲು, ಮೆಟ್ಟಿಲ ತುಂಬ ಸಾಂಬಾರಿನ ವಾಸನೆ. ಕೆಲಸ ಕೊಡಿಸುತ್ತೇವೆಂದು ನಂಬಿಸಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ತಂದು ಮಾರಿದ ಹೆಣ್ಣುಮಕ್ಕಳನ್ನು ಪೊಲೀಸರು ಬಿಡಿಸಿ ತಂದ ಮೇಲೆ, ಅವರನ್ನು ಅವರವರ ಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ಅದಕ್ಕೆ ಎರಡು ಸರ್ಕಾರಗಳೂ ಅವುಗಳ ಹತ್ತಾರು ಮೇಜುಗಳೂ ಒಪ್ಪಬೇಕು. ಅದಕ್ಕಿಂತ ಮೊದಲು ಮನೆ ಎಲ್ಲಿದೆ ಎಂದು ಗೊತ್ತಾಗಬೇಕು. ಗದಗಿನ ಕಡೆಯಿಂದ ಬಿ.ಕಾಂ. ಮುಗಿಸಿಕೊಂಡು ಬಂದ ನಾನು ಕಾಗದಪತ್ರ ನೋಡಿಕೊಳ್ಳುವವನು. ಮನೆ ಹುಡುಕುವವರು ಮಾವ್ಶಿ.

ಮಲ್ಪೆ ಕಡೆಯ ಮೀನುಗಾರರ ಮನೆತನ. ಮದುವೆಯಾಗಿ ಮುಂಬಯಿಗೆ ಬಂದವರು, ಗಂಡ ತೀರಿಕೊಂಡ ಮೇಲೆ ನಮ್ಮ ಆಶ್ರಯ ಮನೆಗೆ ಅಡುಗೆಗೆಂದು ಸೇರಿದರು. ಓದಿದ್ದು ಏಳನೇ ಕ್ಲಾಸು. ತುಳು, ಕನ್ನಡ, ಮರಾಠಿ, ಹಿಂದಿ ಸರಾಗ. ಬೈಯಲು ಸಾಕಾಗುವಷ್ಟು ಬಂಗಾಲಿ, ಸಮಾಧಾನ ಮಾಡಲು ಸಾಕಾಗುವಷ್ಟು ನೇಪಾಳಿ. ಬೇರೆಯವರು ತಿಂಗಳುಗಟ್ಟಲೆ ಕೇಳಿದರೂ ಬಾಯಿ ಬಿಡದ ಹುಡುಗಿಯರು ಇವರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಎಲ್ಲ ಹೇಳಿಬಿಡುತ್ತಾರೆ ಎಂದು ಗೊತ್ತಾದ ಮೇಲೆ, ಸಂಸ್ಥೆಯವರು ಸೌಟು ಬಿಡಿಸಿ ಫೈಲು ಕೊಟ್ಟರು. ಮಾವ್ಶಿ ಫೈಲು ತೆಗೆದುಕೊಂಡರು, ಸೌಟನ್ನೂ ಬಿಡಲಿಲ್ಲ.

ಆಫೀಸಿನ ಮರಾಠಿಯವರಿಗೆ ಅವರು ಮಾವ್ಶಿ, ಅಂದರೆ ಚಿಕ್ಕಮ್ಮ, ಬಂಗಾಲಿ ಹುಡುಗಿಯರಿಗೆ ಅದೇ ಅರ್ಥದ ಖಾಲಾ, ನೇಪಾಳದವರಿಗೆ ದಿದಿ. ನಿಜವಾದ ಹೆಸರು ಅವರಿಗೇ ಮರೆತಂತಿತ್ತು. ಒಮ್ಮೆ ಕೊರಿಯರ್‌ನವನು ಆ ಹೆಸರು ಹೇಳಿಕೊಂಡು ಬಂದಾಗ ಬಾಗಿಲು ತೆರೆದದ್ದು ಅವರೇ. "ಹಾಗೆ ಯಾರೂ ಇಲ್ಲ ಇಲ್ಲಿ" ಎಂದು ಕಳಿಸಿಬಿಟ್ಟು ಒಳಗೆ ಬಂದು ಕೂತರು. ಎರಡು ಗುಟುಕು ಚಹಾ ಆದ ಮೇಲೆ ಕಪ್ಪು ಕೆಳಗಿಟ್ಟು, "ಅಯ್ಯೋ ಮಾರಾಯಾ, ಅದು ನಾನಲ್ವಾ?" ಎಂದು ಮೆಟ್ಟಿಲಿಳಿದು ಓಡಿದರು.

‘ಮದುವೆ ಮನೆ’ಯ ಕತೆ ಹೇಳಬೇಕು. ಲೋಕಲ್ ಟ್ರೇನಿನಲ್ಲಿ ಫೋನ್ ಕಳೆಯುವುದು ಮುಂಬಯಿಯಲ್ಲಿ ಹೊಸದಲ್ಲ. ಕಳೆದ ಫೋನು ಯಾರ ಕೈಗೆ ಸಿಕ್ಕರೂ ಯಾವ ಹುಡುಗಿಯ ವಿಷಯವೂ ತಿಳಿಯಬಾರದು ಎಂದು ಮಾವ್ಶಿ ಎಲ್ಲವನ್ನೂ ಮದುವೆಯ ಮಾತಿನಲ್ಲಿ ಬರೆಸುತ್ತಿದ್ದರು. ಗುರುತಿನ ಕಾಗದಗಳೆಂದರೆ ಜಾತಕ. ಆಚೆ ದೇಶದವರು ಗಂಡಿನ ಕಡೆ. ಗಡಿಯಲ್ಲಿ ಒಪ್ಪಿಸುವ ದಿನ ಮುಹೂರ್ತ. ಯಾವುದಾದರೂ ಇಲಾಖೆ ತಕರಾರು ತೆಗೆದರೆ, "ಅತ್ತೆ ಒಪ್ಪುತ್ತಾ ಇಲ್ಲ."

ಹೊಸದಾಗಿ ಬಂದ ನಮ್ಮ ಡೈರೆಕ್ಟರ್ ಸಾಹೇಬರಿಗೆ ಇದು ಗೊತ್ತಿರಲಿಲ್ಲ. ಪಾಪ, ಪುಣೆಯಲ್ಲಿ ಓದಿದ ಒಳ್ಳೆಯ ಮನುಷ್ಯ. ಒಂದು ದಿನ ಮಾವ್ಶಿ ಮೇಜಿನ ಮೇಲೆ ಬಿಟ್ಟುಹೋದ ಫೋನು ಮಿನುಗಿತು, ಅವರು ಓದಿದರು: "ಹುಡುಗಿಗೆ ಹದಿನೇಳು. ಜಾತಕ ಕೂಡಿದೆ. ಬುಧವಾರ ಗಡಿಗೆ ಕರೆದುಕೊಂಡು ಬನ್ನಿ. ಅತ್ತೆಗೆ ಈಗಲೇ ಹೇಳಬೇಡಿ." ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, "ನಮ್ಮ ಆಫೀಸಿನಲ್ಲೇ ಬಾಲ್ಯವಿವಾಹ ಮಾಡಿಸುತ್ತಿದ್ದಾರೆ" ಎಂದರು. ನಾನು ವಿವರಿಸುವ ಹೊತ್ತಿಗೆ ಅವರು ಎರಡು ಲೋಟ ನೀರು ಕುಡಿದಿದ್ದರು. ಮುಂದಿನ ವಾರ ಅವರೇ ಫೋನಿನಲ್ಲಿ ದಿಲ್ಲಿಯ ಯಾರನ್ನೋ, "ಅತ್ತೆ ಒಪ್ಪಿದಳಾ?" ಎಂದು ಕೇಳುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದೆ.

ಮಾವ್ಶಿಯ ಬಿಲ್ಡಿಂಗಿನಲ್ಲಿ ಮಾತ್ರ ವಿವರಿಸುವವರು ಯಾರೂ ಇರಲಿಲ್ಲ. ಗ್ಯಾಲರಿಯಲ್ಲಿ ನಿಂತು ದಿನವೂ ಜಾತಕ, ಮುಹೂರ್ತ ಎಂದು ದೊಡ್ಡ ದನಿಯಲ್ಲಿ ಮಾತಾಡುವ ಹೆಂಗಸನ್ನು ಅಕ್ಕಪಕ್ಕದವರು ಮದುವೆ ದಲ್ಲಾಳಿ ಎಂದೇ ತಿಳಿದಿದ್ದರು. ಮೇಲಿನ ಮಾಳಿಗೆಯ ಒಬ್ಬಾಕೆ ಮಗನ ಫೋಟೋ ತಂದುಕೊಟ್ಟರು. ಕೆಲಸದ ಗುಟ್ಟು ಬಿಟ್ಟುಕೊಡುವಂತಿಲ್ಲ. ಬೇರೆ ದಾರಿ ಕಾಣದೆ ಮಾವ್ಶಿ ಆ ಹುಡುಗನಿಗೆ ಡೊಂಬಿವಿಲಿಯಿಂದ ಒಂದು ಹೆಣ್ಣು ಹುಡುಕಿ ನಿಜವಾಗಿಯೂ ಮದುವೆ ಮಾಡಿಸಿದರು. ಮದುವೆ ಚೆನ್ನಾಗಿ ನಡೆದದ್ದರಿಂದ ಇನ್ನೂ ಮೂರು ಫೋಟೋ ಬಂದವು.

ಒಮ್ಮೆ ಬಾಂದ್ರಾದ ದೊಡ್ಡ ಕಟ್ಟಡವೊಂದರಲ್ಲಿ ಅಂತರರಾಷ್ಟ್ರೀಯ ಸಹಕಾರದ ಸಭೆ. ಹೋಗಬೇಕಾಗಿದ್ದ ಡೈರೆಕ್ಟರ್ ಸಾಹೇಬರಿಗೆ ಜ್ವರ. ಅವರ ಬದಲು ಮಾವ್ಶಿ, ಜೊತೆಗೆ ಮಾತು ತಿಳಿಸಿ ಹೇಳಲು ನಾನು. ಮಾವ್ಶಿಯ ಎದುರು ಇಟ್ಟ ಹಲಗೆಯಲ್ಲಿ ಹೆಸರು ಬದಲಾಗಿತ್ತು, ಸಾಹೇಬರ ಹೆಸರಿನ ಹಿಂದಿನ ‘ಡಾಕ್ಟರ್’ ಮಾತ್ರ ಹಾಗೆಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಪರದೇಶದ ಪ್ರತಿನಿಧಿಯೊಬ್ಬರು ತಮ್ಮ ಭುಜದ ನೋವು ತೋರಿಸಲು ಬಂದರು. ಮಾವ್ಶಿ ಮುಟ್ಟಿ ನೋಡಿ, ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಹಚ್ಚಲು ಹೇಳಿದರು. ಅವರು ಬರೆದುಕೊಂಡರು.

ಗೋಡೆಯ ಪರದೆಯ ಮೇಲೆ ದೇಶದಿಂದ ದೇಶಕ್ಕೆ ಬಾಣದ ಗುರುತುಗಳು ಹಾರಾಡುತ್ತಿದ್ದವು. ಸಭೆ ನಡೆಸುತ್ತಿದ್ದವರು ನಮ್ಮ ಕಡೆ ತಿರುಗಿ, "ಡಾಕ್ಟರ್, ನಿಮ್ಮ ಅನುಭವದಲ್ಲಿ ದೇಶ ದೇಶಗಳ ಸಹಕಾರಕ್ಕೆ ಎಲ್ಲಕ್ಕಿಂತ ಮುಖ್ಯವಾದ ಸಾಧನ ಯಾವುದು?" ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಮಾವ್ಶಿ ಯೋಚಿಸಿ, "ಫೋನ್ ನಂಬರ್" ಎಂದರು.

ನಾನು ಇಂಗ್ಲಿಷಿಗೆ ತಿರುಗಿಸಿದೆ. ಎಲ್ಲರೂ ಮುಂದಿನ ವಾಕ್ಯಕ್ಕೆ ಕಾದರು. ಮುಂದಿನ ವಾಕ್ಯ ಇರಲಿಲ್ಲ. ಮಾವ್ಶಿ ಎದ್ದು, ಚೀಲದಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದು, ಮೇಜಿನಿಂದ ಮೇಜಿಗೆ ಹೋಗಿ ನಂಬರು ಬರೆಸಿಕೊಳ್ಳತೊಡಗಿದರು.

ಆಗಲೇ ಪರದೆಯ ಮೇಲೆ ಬಾಂಗ್ಲಾದೇಶದಿಂದ ಒಬ್ಬ ವಕೀಲೆ ಬಂದು ಬಹಳ ಗಂಭೀರವಾಗಿ ಮಾತಾಡತೊಡಗಿದರು. ತುಟಿ ಆಡುತ್ತಿತ್ತು, ಸದ್ದಿಲ್ಲ. ದೊಡ್ಡವರ ಸಭೆ, ಯಾರೂ ಹೇಳಲು ಹೋಗಲಿಲ್ಲ, ತಿಳಿದವರಂತೆ ತಲೆಯಾಡಿಸಿದರು. ಐದು ನಿಮಿಷ ಸಹಿಸಿಕೊಂಡ ಮಾವ್ಶಿ ಪರದೆಯ ಹತ್ತಿರ ಹೋಗಿ, ದೂರದ ದೋಣಿಯನ್ನು ಕರೆಯುವ ಹಾಗೆ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ತಮ್ಮ ಬಂಗಾಲಿಯಲ್ಲಿ ಕೂಗಿದರು: "ತಂಗೀ, ಬಾಯಿ ಕಾಣ್ತದೆ, ಮಾತು ಬರ್ತಾ ಇಲ್ಲ!"

ಆಕೆ ನಕ್ಕ ನಗುವೂ ಕೇಳಿಸಲಿಲ್ಲ. ಸಾವಿನ ಸುದ್ದಿ ನನಗೆ ಹೇಳಿದ್ದು ಇದೇ ವಕೀಲೆ. ಇವರನ್ನು ಅಲ್ಲಿಯ ಹುಡುಗಿಯರು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ. ಅಂದಿನಿಂದ ಮಾವ್ಶಿಯೂ ಆಪಾನೂ ದಿನವೂ ಫೋನಿನಲ್ಲಿ. ಮೊದಲ ಐದು ನಿಮಿಷ ಕೆಲಸ, ಆಮೇಲೆ ಜಗಳ. ಆಪಾಗೆ ಅವರ ಇಲಿಶ್ ಮೀನಿನ ಮುಂದೆ ಬೇರೆ ಮೀನಿಲ್ಲ, ಮಾವ್ಶಿಗೆ ಬಂಗುಡೆಯ ಮುಂದೆ. "ನಿಮ್ಮ ಮೀನಲ್ಲಿ ಮುಳ್ಳು ಬಿಟ್ರೆ ಎಂತ ಉಂಟು?" ಎಂದು ಮಾವ್ಶಿ ಫೋನ್ ಇಟ್ಟುಬಿಡುತ್ತಿದ್ದರು. ಮರುದಿನ ಹತ್ತಕ್ಕೆ ಮತ್ತೆ ಅವರೇ ಮಾಡುತ್ತಿದ್ದರು.

ಈ ಇಬ್ಬರೂ ಸೇರಿ ಮಾಡಿದ ಒಂದು ಕೆಲಸವನ್ನು ಸರಿಯಾಗಿ ಹೇಳಬೇಕು.

ಹುಡುಗಿಯನ್ನು ಪಾರುಲ್ ಎಂದು ಕರೆಯೋಣ. ಅದು ಅವಳ ಹೆಸರಲ್ಲ. ಬ್ಯೂಟಿ ಪಾರ್ಲರಿನಲ್ಲಿ ಕೆಲಸವೆಂದು ನಂಬಿ ಹದಿನೈದರಲ್ಲಿ ಊರು ಬಿಟ್ಟವಳು. ಗಡಿ ದಾಟಿಸಿದವರು ಅವಳನ್ನು ಮುಂಬಯಿಗೆ ತಂದು ಮಾರಿದರು. ಪೊಲೀಸರು ಬಿಡಿಸಿ ನಮ್ಮ ಆಶ್ರಯ ಮನೆಗೆ ತಂದಾಗ ಅವಳು ಹೇಳಿದ ವಿಳಾಸ ‘ನತುನ್ ಪಾಡಾ’. ಅಂದರೆ ಹೊಸ ಕೇರಿ. ಕರ್ನಾಟಕದಲ್ಲಿ ನಿಂತು ಹೊಸೂರು ಎಲ್ಲಿದೆ ಎಂದು ಕೇಳಿದ ಹಾಗೆ. ಜಿಲ್ಲೆ ಯಾವುದೆಂದರೆ ಉತ್ತರದ ಒಂದು ಜಿಲ್ಲೆಯ ಹೆಸರು ಹೇಳಿದಳು. ನಾವು ಕಾಗದ ಕಳಿಸಿದೆವು. ತಿಂಗಳುಗಳ ನಂತರ ಉತ್ತರ ಬಂತು: ಇಂಥ ವಿಳಾಸ ಪತ್ತೆಯಾಗಲಿಲ್ಲ. ಮತ್ತೆ ಕಳಿಸಿದೆವು. ಮತ್ತೆ ಅದೇ. ಹೀಗೆ ಎರಡು ವರ್ಷ ಕಳೆಯಿತು.

ಎರಡನೆಯ ಉತ್ತರ ಬಂದ ದಿನ ಪಾರುಲ್ ಊಟ ಬಿಟ್ಟಳು. "ಖಾಲಾ, ನನಗೆ ಊರೇ ಇಲ್ಲ ಅಂತ ಬರೆಸಿಬಿಡಿ" ಎಂದಳು. ಅವಳಿಗೆ ಇನ್ನು ಕೆಲವೇ ತಿಂಗಳಲ್ಲಿ ಹದಿನೆಂಟು ತುಂಬುವುದಿತ್ತು. ತುಂಬಿದರೆ ಮಕ್ಕಳ ಆಶ್ರಯ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಬೇರೆ ಕಡೆ ಹೋಗಬೇಕು. ಅಲ್ಲಿ ಅವಳಿಗೆ ಗೊತ್ತಿರುವ ಒಂದು ಮುಖವೂ ಇಲ್ಲ.

ಮಾವ್ಶಿ ಫೈಲನ್ನು ನನ್ನ ಮೇಜಿನ ಮೇಲೆ ಹಾಕಿ, "ಈ ಹುಡುಗಿ ಜಿಲ್ಲೆ ಸುಳ್ಳು ಹೇಳಿದ್ದಾಳೆ" ಎಂದರು.

"ಯಾಕ್ ಸುಳ್ಳ ಹೇಳ್ತಾಳ್ರಿ ಮಾವ್ಶಿ? ಮನೀಗೆ ಹೋಗೂದು ಬ್ಯಾಡೇನು ಆಕಿಗೆ?"

"ಮಾರಿದವರು ಬಾಯಿಪಾಠ ಮಾಡಿಸಿರ್ತಾರೆ ಮಾರಾಯಾ. ಬೇರೆ ಹೇಳಿದ್ರೆ ನಿನ್ನ ಅಮ್ಮನನ್ನು ಬಿಡುದಿಲ್ಲ ಅಂತ ಹೆದರಿಸಿರ್ತಾರೆ. ಮನೆ ಎಲ್ಲಿ ಅಂತ ಕೇಳ್ಬಾರ್ದು. ಅಮ್ಮ ಸಾರಿಗೆ ಎಂತ ಹಾಕ್ತಾಳೆ ಅಂತ ಕೇಳ್ಬೇಕು. ಅದರಲ್ಲಿ ಸುಳ್ಳು ಹೇಳ್ಲಿಕ್ಕೆ ಯಾರೂ ಕಲಿಸಿರುದಿಲ್ಲ."

ಮುಂದಿನ ಶನಿವಾರ ಮಾವ್ಶಿ ಮನೆಯಿಂದ ಕುರಿ ಮಾಂಸದ ಸುಕ್ಕ ಮಾಡಿಕೊಂಡು ಬೊರಿವಲಿಯಾಚೆಯ ಆಶ್ರಯ ಮನೆಗೆ ಹೊರಟರು. ಕಾಗದಕ್ಕೆ ಸಹಿ ಬೇಕಿದ್ದರಿಂದ ನಾನೂ ಜೊತೆಗಿದ್ದೆ. ಬಹಳ ಒತ್ತಾಯ ಮಾಡಿದ ಮೇಲೆ ಪಾರುಲ್ ಒಂದು ತುತ್ತು ತಿಂದಳು.

"ಹೇಗುಂಟು?"

"ಚೆನ್ನಾಗಿದೆ ಖಾಲಾ." ಬಟ್ಟಲಲ್ಲಿ ಏನನ್ನೋ ಹುಡುಕಿ, "ಕಟ್ಟಿಗೆ ಇಲ್ಲ" ಎಂದಳು.

"ಎಂತ ಇಲ್ಲ?"

ಪಾರುಲ್ ಏನೋ ಒಂದು ಹೆಸರು ಹೇಳಿದಳು. ಮಾವ್ಶಿಗೆ ಅದು ಸೀನಿದ ಹಾಗೆ ಕೇಳಿಸಿತು. ಹಿಂದಿಯಲ್ಲಿ ಹೇಳು ಎಂದರೆ ‘ಲಕ್ಡಿ’ ಎಂದಳು. ಅಮ್ಮ ಮಾಂಸಕ್ಕೆ ಕಟ್ಟಿಗೆ ತುಂಡು ಮಾಡಿ ಹಾಕುತ್ತಾಳೆ, ಅದನ್ನು ಅಗಿದರೆ ಬಾಯೆಲ್ಲ ಖಾರ, ಕಣ್ಣಲ್ಲಿ ನೀರು. ಇಷ್ಟು ಹೇಳಿ ಅವಳು ಬಟ್ಟಲು ದೂಡಿ ಎದ್ದುಹೋದಳು.

ತಮ್ಮ ಸುಕ್ಕದಲ್ಲಿ ಕೊರತೆ ಹೇಳಿದ್ದಕ್ಕೆ ಮಾವ್ಶಿ ಟ್ರೇನಿನಲ್ಲಿ ಅಂಧೇರಿ ಬರುವವರೆಗೂ ಗೊಣಗುತ್ತಲೇ ಇದ್ದರು. "ನಲವತ್ತು ವರ್ಷ ಆಯ್ತು ಮಾಡ್ಲಿಕ್ಕೆ ಶುರು ಮಾಡಿ. ಕಟ್ಟಿಗೆ ಇಲ್ಲ ಅಂತೆ!" ಆದರೆ ಸೋಮವಾರ ಆಫೀಸಿಗೆ ಬಂದಾಗ ಅವರ ಚೀಲದಲ್ಲಿ ಅರ್ಧ ಕಾಡಿತ್ತು. ಚಕ್ಕೆ, ಜ್ಯೇಷ್ಠಮಧು, ಹಿಪ್ಪಲಿ ಬೇರು, ಕರಿಬೇವಿನ ಕಾಂಡ, ಮಸಾಲೆ ಅಂಗಡಿಯವನು ಹೆಸರು ಗೊತ್ತಿಲ್ಲದೆ ಕೊಟ್ಟ ಇನ್ನೇನೇನೋ. ಎಲ್ಲವನ್ನೂ ಅಗಿದು ನೋಡಿ ಯಾವುದು ಖಾರ ಎಂದು ಬರೆಯಬೇಕಿತ್ತು. ಅಗಿಯುವವನು ನಾನು.

"ನಾನು ಮಾಂಸ ತಿನ್ನಂಗಿಲ್ರಿ ಮಾವ್ಶಿ" ಎಂದೆ.

"ಮಾಂಸ ಯಾರು ಕೊಟ್ರು ನಿಂಗೆ? ಕಟ್ಟಿಗೆ ತಿನ್ಲಿಕ್ಕೆ ನಿಮ್ಮಲ್ಲಿ ಅಡ್ಡಿ ಉಂಟಾ?"

ಅಡ್ಡಿ ಇರಲಿಲ್ಲ. ಮೂರು ದಿನ ಅಗಿದೆ. ಬುಧವಾರ ನನ್ನ ನಾಲಿಗೆ ಹಳದಿಯಾಗಿ, ಚಹಾದ ರುಚಿ ಗೊತ್ತಾಗದೆ ಹೋಯಿತು. ಡೈರೆಕ್ಟರ್ ಸಾಹೇಬರು ಬಂದು ನೋಡಿದರೆ, ಅವರ ಕಾಗದಪತ್ರದ ಅಧಿಕಾರಿ ಕಣ್ಣೀರು ಸುರಿಸುತ್ತ ಬೇರು ಅಗಿಯುತ್ತಿದ್ದಾನೆ, ಎದುರಿಗೆ ಮಾವ್ಶಿ ಪೆನ್ನು ಹಿಡಿದು ಕೂತಿದ್ದಾರೆ. ಏನೂ ಕೇಳದೆ ಹಿಂದಕ್ಕೆ ಹೋದರು.

ಮಾವ್ಶಿ ಪ್ರತಿಯೊಂದು ತುಂಡನ್ನೂ ಪೊಟ್ಟಣ ಕಟ್ಟಿ ಪಾರುಲ್‌ಗೆ ತೋರಿಸಿದರು. ಯಾವುದೂ ಅಲ್ಲ. ಆದರೆ ಕಟ್ಟಿಗೆಯ ಪೊಟ್ಟಣಗಳನ್ನು ಸಾಲಾಗಿ ಬಿಚ್ಚುತ್ತಿದ್ದ ಮಾವ್ಶಿಯನ್ನು ನೋಡಿ ಆ ಹುಡುಗಿ ವಾರದ ಮೇಲೆ ಮೊದಲ ಸಲ ನಕ್ಕಳಂತೆ. ನಕ್ಕ ಮೇಲೆ ಊಟವನ್ನೂ ಮಾಡಿದಳು.

ಕೊನೆಗೆ ಮಾವ್ಶಿ ಆಫೀಸಿನಿಂದ ಆಪಾಗೆ ಫೋನ್ ಹಚ್ಚಿದರು, ಸ್ಪೀಕರ್ ಹಾಕಿ. ಹಿಂದಿನ ದಿನವಷ್ಟೇ ಇಬ್ಬರಿಗೂ ಮೀನಿನ ವಿಷಯದಲ್ಲಿ ಜೋರು ಜಗಳವಾಗಿತ್ತು. ಅದನ್ನು ಮರೆತು ಮಾವ್ಶಿ ನೇರವಾಗಿ ಕೇಳಿದರು: "ತಂಗೀ, ನಿಮ್ಮ ದೇಶದಲ್ಲಿ ಕಟ್ಟಿಗೆ ತಿನ್ನುವ ಜನ ಯಾವ ಕಡೆ ಇದ್ದಾರೆ?"

ಆಪಾ ತಣ್ಣಗಿನ ದನಿಯಲ್ಲಿ, "ಅಕ್ಕ, ಮೀನಿನ ಮಾತು ಮೀನಿಗೆ. ದೇಶದ ತನಕ ಹೋಗಬೇಡಿ" ಎಂದರು.

"ಅಯ್ಯೋ ಹಾಗಲ್ಲ! ಸಾರಿಗೆ ಹಾಕುದು. ಅದರ ಹೆಸರು..." ಮಾವ್ಶಿಗೆ ಹೆಸರು ನೆನಪಾಗಲಿಲ್ಲ. ನೆನಪಿದ್ದದ್ದು ಸೀನು. ಕಣ್ಣು ಮುಚ್ಚಿ, ಮೂಗು ಮೇಲೆತ್ತಿ, ಫೋನಿಗೆ ಸೀನಿದರು: "ಛೂಯ್!"

"ಚುಯಿ!" ಆಪಾ ಕಿರುಚಿದರು. "ಚುಯಿ ಝಾಲ್! ಯಾರು ಹೇಳಿದರು? ಪಾರುಲ್ ಹೇಳಿದಳಾ?"

ಕಾಳುಮೆಣಸಿನ ಜಾತಿಯ ಬಳ್ಳಿಯಂತೆ. ಅದರ ಕಾಂಡವನ್ನು ತುಂಡು ಮಾಡಿ ಮಾಂಸದಲ್ಲಿ ಬೇಯಿಸುತ್ತಾರೆ. ಹಾಗೆ ಮಾಡುವವರು ಹೆಚ್ಚಾಗಿ ಖುಲ್ನಾ ಸುತ್ತಿನ ಕೆಲವು ಜಿಲ್ಲೆಯವರು, ತೆಂಕಣ ಮೂಲೆ. ನಾವು ಎರಡು ವರ್ಷ ಹುಡುಕಿಸಿದ್ದು ಬಡಗಣ ತುದಿಯಲ್ಲಿ. ಆಪಾ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಅಕ್ಕ, ಇನ್ನೊಂದು ಸಲ ಸೀನಿ" ಎಂದರು.

ಊರಿನ ದಿಕ್ಕು ಗೊತ್ತಾಗಿದೆ ಎಂದು ಮಾವ್ಶಿ ಹೇಳಿದಾಗ ಪಾರುಲ್ ಬೆಚ್ಚಿ ಬಿಳಿಚಿದಳು. "ನಾನು ಹೇಳಲಿಲ್ಲ" ಎಂದಳು. "ಹೌದು, ನೀನು ಹೇಳ್ಲಿಲ್ಲ. ನಿನ್ನ ಅಮ್ಮನ ಸಾರು ಹೇಳಿತು" ಎಂದರು ಮಾವ್ಶಿ. ಮಾರಿದವರು ಜೈಲಿನಲ್ಲಿದ್ದಾರೆ, ಅಮ್ಮನಿಗೆ ಏನೂ ಆಗುವುದಿಲ್ಲ ಎಂದು ಅವಳನ್ನು ನಂಬಿಸಲು ಎರಡು ಶನಿವಾರ ಹಿಡಿಯಿತು. ಆಮೇಲೆ ಪಾರುಲ್ ಬಾಯಿಬಿಟ್ಟಳು. ನದಿ ದಾಟುವ ಕಟ್ಟೆ, ನೀಲಿ ತಗಡಿನ ಶಾಲೆ, ಇಟ್ಟಿಗೆ ಭಟ್ಟಿಯ ಚಿಮಣಿ. ಆಪಾ ಅದನ್ನೆಲ್ಲ ಬರೆದುಕೊಂಡು ಮಳೆಯಲ್ಲಿ ವ್ಯಾನು ಕಟ್ಟಿಕೊಂಡು ಹೊರಟರು. ಒಂದೊಂದು ನತುನ್ ಪಾಡಾದಿಂದಲೂ ಫೋನು: "ಇಲ್ಲಿ ಚಿಮಣಿ ಇದೆ, ಶಾಲೆ ಹಸಿರು." "ಶಾಲೆ ನೀಲಿ, ನದಿ ಇಲ್ಲ." ಏಳನೆಯದರಲ್ಲಿ ಎಲ್ಲವೂ ಇತ್ತು. ಚಹಾದ ಅಂಗಡಿ ಇಟ್ಟುಕೊಂಡ ಒಬ್ಬ ಹೆಂಗಸೂ ಇದ್ದಳು.

ಇವಳೇ ತಾಯಿ ಎಂಬುದಕ್ಕೆ ಗುರುತು ಬೇಕು. ಮಗಳ ಬಗ್ಗೆ ಹೇಳಿ ಎಂದು ಆಪಾ ಕೇಳಿದರೆ ಆ ಹೆಂಗಸು ಮೊದಲು ಹೇಳಿದ ಮಾತು: "ಹೋಗುವಾಗ ನನ್ನ ಹೊಸ ಚಪ್ಪಲಿ ಹಾಕಿಕೊಂಡು ಹೋದಳು. ಮೇಲೆ ಚಿಟ್ಟೆ ಇತ್ತು. ನಾನು ಒಂದು ದಿನವೂ ಹಾಕಿರಲಿಲ್ಲ." ಮಾವ್ಶಿ ಆಶ್ರಯ ಮನೆಗೆ ಹೋಗಿ ಪಾರುಲ್‌ಳನ್ನು, "ಚಪ್ಪಲಿ ಎಲ್ಲಿ?" ಎಂದಷ್ಟೇ ಕೇಳಿದರು. ಹುಡುಗಿ ಕಿವಿಯವರೆಗೂ ಕೆಂಪಾಗಿ, "ಚಿಟ್ಟೆ ಕಿತ್ತುಹೋಯಿತು ಖಾಲಾ" ಎಂದಳು. ಹಾಗೆಂದವಳು ಅಲ್ಲೇ ನೆಲದ ಮೇಲೆ ಕೂತು, ಬಂದ ದಿನದಿಂದ ಅತ್ತಿರದಷ್ಟು ಅತ್ತಳು.

ಇದಾದ ಮೇಲೂ ಕಾಗದಗಳ ಓಡಾಟ ನಾಲ್ಕು ತಿಂಗಳು. ನಮ್ಮ ಕಾಗದದಲ್ಲಿ ಅವಳ ಹೆಸರಿಗೆ ಒಂದು ಅಕ್ಷರ ಹೆಚ್ಚಾಗಿತ್ತು, ಅವರದರಲ್ಲಿ ಕಡಿಮೆ. ಅತ್ತೆ ಒಪ್ಪಲಿಲ್ಲ. ಮಾವ್ಶಿ ಆ ಮೇಜಿನ ಅಧಿಕಾರಿಗೆ ದಿನವೂ ಫೋನ್ ಮಾಡಿ, ‘ತಮ್ಮಾ’ ಎಂದು ಕರೆದು, ಅವನ ತಾಯಿಯ ಮಂಡಿನೋವು ವಿಚಾರಿಸಿ, ಕೊನೆಗೆ ಪಾರುಲ್ ಮಾತು ತೆಗೆಯುತ್ತಿದ್ದರು. ಹದಿನೆಂಟು ತುಂಬುವುದಕ್ಕೆ ಒಂಬತ್ತು ದಿನ ಇರುವಾಗ ಅಪ್ಪಣೆ ಬಂತು. ಕಾಗದದ ಕೆಳಗೆ ಪೆನ್ನಿನಲ್ಲಿ, "ತಾಯಿಯ ಮಂಡಿ ಈಗ ಪರವಾಗಿಲ್ಲ" ಎಂದಿತ್ತು.

ಕರೆದುಕೊಂಡು ಹೋದದ್ದು ಒಬ್ಬ ಮಹಿಳಾ ಪೊಲೀಸು, ಮಾವ್ಶಿ, ನಾನು. ಕೋಲ್ಕತ್ತಾದವರೆಗೆ ಟ್ರೇನು, ಅಲ್ಲಿಂದ ಗಡಿಗೆ ಜೀಪು. ಟ್ರೇನಿನಲ್ಲಿ ಪಾರುಲ್ ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ನಾಗಪುರ ದಾಟಿದ ಮೇಲೆ ಒಮ್ಮೆಲೇ, "ಖಾಲಾ, ಅಮ್ಮ ನನ್ನನ್ನು ಒಳಗೆ ಕರೆಯದಿದ್ದರೆ? ಊರಿನವರಿಗೆಲ್ಲ ಗೊತ್ತಾಗಿರುತ್ತೆ" ಎಂದಳು.

"ಗೊತ್ತಿಲ್ಲ ಮಗಾ" ಎಂದರು ಮಾವ್ಶಿ. "ಅಮ್ಮ ಕರೆದುಕೊಳ್ಳುವವರೆಗೆ ನಾನು ಗೇಟಿನಲ್ಲೇ ನಿಂತಿರ್ತೇನೆ. ಬೇಡ ಅಂದ್ರೆ ವಾಪಸ್ ಬಾ. ಕಾಗದಕ್ಕೆ ಇವ ಇದ್ದಾನೆ." ಇವ ಎಂದರೆ ನಾನು. ಅಂಥ ಕಾಗದ ಜಗತ್ತಿನಲ್ಲೇ ಇಲ್ಲ ಎಂದು ನಾನು ಹೇಳಲಿಲ್ಲ.

ಗಡಿಯಲ್ಲಿ ಎರಡು ಗೇಟು, ನಡುವೆ ನೆಲದ ಮೇಲೊಂದು ಗೆರೆ. ಬೆಳಗಿನ ಹತ್ತೂವರೆ. ಆಚೆ ಆಪಾ ನಿಂತಿದ್ದರು. ಇಷ್ಟು ವರ್ಷದ ಜಗಳದ ನಂತರ ಇಬ್ಬರೂ ಎದುರಾಬದುರಾದದ್ದು ಅದೇ ಮೊದಲು. ಮಾವ್ಶಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಪರದೆಯಲ್ಲಿ ಉದ್ದ ಕಾಣ್ತಿದ್ದೆ" ಎಂದರು. ಆಪಾ ಗೆರೆಯ ಈಚೆ ಕೈ ಚಾಚಿದರು, ಮಾವ್ಶಿ ಹಿಡಿದುಕೊಂಡರು. ಗಡಿ ಕಾಯುವ ಜವಾನನೊಬ್ಬ, "ಗೆರೆ, ಗೆರೆ" ಎಂದ. "ಕಾಲು ಈಚೆಯೇ ಉಂಟು ಮಾರಾಯಾ, ಕೈಗೆ ಎಂತ ವೀಸಾ?" ಎಂದು ಮಾವ್ಶಿ ಕನ್ನಡದಲ್ಲಿ ಗದರಿದರು.

ಸಹಿ, ಮೊಹರು ಎಲ್ಲ ಆಯಿತು. ಪಾರುಲ್ ತನ್ನ ಚೀಲ ಹಿಡಿದು ಗೆರೆ ದಾಟಿ ನಡೆದಳು. ಆಚೆ ಗೇಟಿನ ಪಕ್ಕದಲ್ಲಿ ಬಿಳಿ ಸೀರೆಯ ಸಣಕಲು ಹೆಂಗಸೊಬ್ಬಳು ನಿಂತಿದ್ದಳು. ಅವಳು ಮುಂದೆ ಬರಲಿಲ್ಲ. ಪಾರುಲ್ ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ಮಾವ್ಶಿ ನನ್ನ ಮಣಿಕಟ್ಟು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬೆರಳು ಜೋಮು ಹಿಡಿದವು.

ಆಮೇಲೆ ತಾಯಿ ಓಡಿಬಂದು ಮಗಳ ಬೆನ್ನಿಗೆ ಫಟ್ ಫಟ್ ಎಂದು ಎರಡು ಬಾರಿಸಿದಳು.

"ಹೊಡೀಬೇಡ! ಏ!" ಮಾವ್ಶಿ ತುಳುವಿನಲ್ಲಿ ಅರಚುತ್ತ ಗೆರೆಯ ಕಡೆ ನುಗ್ಗಿದರು. ನಮ್ಮ ಜವಾನರು ಇಬ್ಬರು ಅವರ ಮುಂದೆ ಬಂದರು, ಆಚೆಯವರು ಇಬ್ಬರು ಎಚ್ಚೆತ್ತು ನಿಂತರು, ಮಹಿಳಾ ಪೊಲೀಸು ಮಾವ್ಶಿಯ ಸೆರಗು ಹಿಡಿದು ಎಳೆದಳು. ನಾನು ಜವಾನರಿಗೆ ಹಿಂದಿಯಲ್ಲಿ, "ಡಾಕ್ಟರ್, ಡಾಕ್ಟರ್" ಎಂದೆ. ಯಾಕೆ ಹಾಗೆಂದೆನೋ ಇಂದಿಗೂ ಗೊತ್ತಿಲ್ಲ.

ಅಷ್ಟರಲ್ಲಿ ತಾಯಿ ಮಗಳನ್ನು ಅವುಚಿಕೊಂಡಾಗಿತ್ತು. ಪಾರುಲ್ ಅಳುತ್ತ, ಜೊತೆಯಲ್ಲೇ ನಗುತ್ತ, ಮಾವ್ಶಿಯ ಕಡೆ ಕೈ ತೋರಿಸಿ ಏನೋ ಹೇಳಿದಳು. ತಾಯಿ ಅವಳನ್ನು ತೋಳಿನಿಂದ ಬಿಡದೆಯೇ ಗೆರೆಯವರೆಗೆ ಬಂದು, ಮಾವ್ಶಿಯನ್ನು ಏನೋ ಕೇಳಿದಳು. ಆಪಾ ಹಿಂದಿಯಲ್ಲಿ ಹೇಳಿದರು: "ಇಷ್ಟು ವರ್ಷದಲ್ಲಿ ನೀವು ಇವಳಿಗೆ ಒಂದು ಏಟೂ ಹೊಡೆದಿಲ್ಲವಾ ಅಂತ ಕೇಳುತ್ತಿದ್ದಾಳೆ."

"ಇಲ್ಲ" ಎಂದರು ಮಾವ್ಶಿ, ಇನ್ನೂ ಏದುಸಿರು ಬಿಡುತ್ತ.

ಆ ಹೆಂಗಸು ಬಗ್ಗಿ, ಗೆರೆಯ ಆಚೆಯಿಂದಲೇ, ಮಾವ್ಶಿಯ ಕಾಲು ಮುಟ್ಟಲು ಕೈ ನೀಡಿದಳು. ಮಾವ್ಶಿ ಹಿಂದೆ ಸರಿಯಲು ಹೋಗಿ ಮಹಿಳಾ ಪೊಲೀಸಿನ ಪಾದ ತುಳಿದರು. "ಬೇಡ ಬೇಡ" ಎಂದವರು, "ಇವಳಿಗೆ ಹೊಟ್ಟೆ ತುಂಬ ಉಣ್ಣಿಸು. ಕಟ್ಟಿಗೆ ಹಾಕಿಯೇ ಉಣ್ಣಿಸು" ಎಂದರು. ಆಪಾ ಅದನ್ನು ಹೇಳುವ ಮೊದಲೇ ತಾಯಿಗೆ ಅರ್ಥವಾದಂತೆ ಕಂಡಿತು.

ಅವರೆಲ್ಲ ಗೇಟು ದಾಟಿ ಕಾಣದಾದ ಮೇಲೂ ಮಾವ್ಶಿ ನಿಂತೇ ಇದ್ದರು. ನಾನು ಪಕ್ಕದ ಕಟ್ಟೆಯ ಮೇಲೆ ಕೂತು ಕೊನೆಯ ಫಾರಂ ತೆಗೆದೆ. ಅದರಲ್ಲಿ ಒಂದು ಖಾನೆ ಇರುತ್ತದೆ: ಒಪ್ಪಿಸುವ ಸಮಯದಲ್ಲಿ ಸಂತ್ರಸ್ತೆಯ ಸ್ಥಿತಿ. ನಾವು ಯಾವಾಗಲೂ ಅಲ್ಲಿ ‘ಆರೋಗ್ಯವಾಗಿದ್ದಾರೆ’ ಎಂದು ಬರೆಯುತ್ತೇವೆ. ಹಾಗೆಯೇ ಬರೆದು ಮಾವ್ಶಿಯ ಸಹಿಗೆ ಕೊಟ್ಟೆ.

"ಎಂತ ಬರೆದೆ? ಓದು."

ಓದಿದೆ.

"ಹರಿ ಅದನ್ನು. ಬೇರೆ ತಕೋ. ನಾನು ಹೇಳ್ತೇನೆ, ಬರಿ."

"ಸರ್ಕಾರದ ಕಾಗದ ಐತ್ರಿ ಮಾವ್ಶಿ. ಎರಡೂ ದೇಶದೋರು ಓದ್ತಾರ."

"ಓದ್ಲಿ ಅಂತಲೇ ಬರೆಸುದು."

ಅವರು ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿ ಬರೆದೆ, ಅವರು ಕೆಳಗೆ ದಪ್ಪ ಅಕ್ಷರಗಳಲ್ಲಿ ಸಹಿ ಹಾಕಿದರು. ಆ ಫಾರಮ್ಮಿನ ಒಂದು ಪ್ರತಿ ದಿಲ್ಲಿಯಲ್ಲಿದೆ, ಇನ್ನೊಂದು ಢಾಕಾದಲ್ಲಿ. ಅದರಲ್ಲಿ ಹೀಗಿದೆ: ‘ತಾಯಿಯಿಂದ ಎರಡು ಏಟು ತಿಂದಳು. ನಗುತ್ತಿದ್ದಳು.’ ಈವರೆಗೆ ಯಾವ ಇಲಾಖೆಯೂ ತಕರಾರು ತೆಗೆದಿಲ್ಲ.